ಇಬ್ಬನಿಯಲ್ಲಿ ಇಳಿದ ಹುಳಿ

ಚಳಿ ದೇಶಗಳ ತೋಟಗಾರರಲ್ಲಿ ಒಂದು ಹಳೆಯ ನಂಬಿಕೆ ಇದೆ. ಗಜ್ಜರಿ, ಎಲೆಕೋಸು, ಮೂಲಂಗಿ ಜಾತಿಯ ಗೆಡ್ಡೆಗಳನ್ನು ಆತುರಪಟ್ಟು ಕೀಳಬಾರದು, ಮೊದಲ ಹಿಮ ಬಿದ್ದು ಹೋಗಲಿ, ಆಮೇಲೆ ಕಿತ್ತರೆ ರುಚಿಯೇ ಬೇರೆ ಎನ್ನುತ್ತಾರೆ ಅವರು. ಜಪಾನಿನ ನೀಗಾತ ಪ್ರಾಂತದಲ್ಲಿ ಗಜ್ಜರಿಯನ್ನು ಹೊಲದಲ್ಲಿಯೇ ಬಿಟ್ಟು, ಮೇಲೆ ಹಿಮ ಆಳುದ್ದ ಬಿದ್ದ ಮೇಲೆ, ವಸಂತದ ಹೊತ್ತಿಗೆ ಅದನ್ನು ಸರಿಸಿ ಅಗೆದು ತೆಗೆಯುವ ರೂಢಿಯೂ ಇದೆ. ಇದನ್ನು ಕೇಳಿದ ಗದಗ ಸೀಮೆಯ ಓದುಗರಾದ ನೀವು, 'ನಮ್ಮಲ್ಲಿ ಹಿಮ ಎಲ್ಲಿಯದು? ಈ ಮಾತು ನಮಗೇಕೆ?' ಎಂದು ಕೇಳುವುದು ಸಹಜ. ಕೇಳಬೇಕಾದ ಪ್ರಶ್ನೆಯೇ ಅದು. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಬಯಲಿನಲ್ಲಿ ಹಿಮ ಬೀಳುವುದಿಲ್ಲ. ಆದರೆ ಚಳಿಗಾಲದ ರಾತ್ರಿ ಇಲ್ಲಿನ ಹೊಲಗಳ ಮೇಲೆ ಇಳಿಯುವ ಇಬ್ಬನಿಗೂ, ಆ ಹೊಲದಿಂದ ನಮ್ಮ ತಾಟಿಗೆ ಬರುವ ಪಲ್ಯದ ರುಚಿಗೂ ಇರುವ ನಂಟು ಚಳಿ ದೇಶದವರ ಹಿಮದ ಕಥೆಗಿಂತ ಕಡಿಮೆಯದಲ್ಲ.

ಮೊದಲು ಹಿಮದ ವಿಷಯವನ್ನು ಮುಗಿಸಿಬಿಡೋಣ. ಗಿಡಕ್ಕೆ ಚಳಿ ತಾಗಿದಾಗ ಅದು ತನ್ನಲ್ಲಿ ಕೂಡಿಟ್ಟುಕೊಂಡ ಪಿಷ್ಟದ ಒಂದಷ್ಟು ಭಾಗವನ್ನು ಸಕ್ಕರೆಯಾಗಿ ಮಾರ್ಪಡಿಸಿಕೊಳ್ಳುತ್ತದೆ. ಬರಿಯ ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟಿದರೆ, ಸಕ್ಕರೆ ಕರಗಿದ ನೀರು ಅದಕ್ಕಿಂತ ಕೆಳಗಿನ ಉಷ್ಣತೆಯಲ್ಲಿ ಹೆಪ್ಪುಗಟ್ಟುತ್ತದೆ. ಜೀವಕೋಶ ಒಡೆಯದಂತೆ ಗಿಡ ಮಾಡಿಕೊಳ್ಳುವ ಉಪಾಯ ಇದು. ನಮ್ಮ ನಾಲಿಗೆಗೆ ಸಿಹಿ ಸಿಗುವುದು ಅದರ ಉಪಫಲ. ಗಜ್ಜರಿಯಲ್ಲಿ ಇನ್ನೊಂದು ಸಂಗತಿಯೂ ಉಂಟು. ಬಿಸಿಲಿನ ದಿನಗಳಲ್ಲಿ ಬೆಳೆದ ಗಜ್ಜರಿಯಲ್ಲಿ ಟರ್ಪೀನುಗಳೆಂಬ ಘಾಟು ಪದಾರ್ಥಗಳು ಹೆಚ್ಚಾಗಿ, ಗಂಟಲಿಗೆ ಒಂದು ಬಗೆಯ ಒಗರು ಹತ್ತುತ್ತದೆ. ತಂಪಿನಲ್ಲಿ ಬೆಳೆದದ್ದರಲ್ಲಿ ಅವು ಕಡಿಮೆ. ಹೀಗಾಗಿ ಸಿಹಿ ಎದ್ದು ಕಾಣುತ್ತದೆ. ಎಲ್ಲ ಬೆಳೆಗೂ ಈ ಮಾತು ಒಪ್ಪುವುದಿಲ್ಲ. ಬಟಾಟೆ ಚಳಿಯಲ್ಲಿ ಸಿಹಿಯಾದರೆ ಅದನ್ನು ಕರಿಯುವವರು ತಲೆ ಚಚ್ಚಿಕೊಳ್ಳುತ್ತಾರೆ, ಏಕೆಂದರೆ ಎಣ್ಣೆಗೆ ಬಿದ್ದೊಡನೆ ಅದು ಕಪ್ಪಗಾಗುತ್ತದೆ.

ಕನ್ನಡಕ್ಕೆ ಹತ್ತಿರದ ಬಡಗ ಮಾತನ್ನಾಡುವ ಜನರಿರುವ ನೀಲಗಿರಿಯ ಎತ್ತರದಲ್ಲಿ ಡಿಸೆಂಬರ್-ಜನವರಿಯ ಬೆಳಗು ಹುಲ್ಲಿನ ಮೇಲೆ ಬೆಳ್ಳಗೆ ಹಿಮ ಕಟ್ಟಿರುತ್ತದೆ. ನಮ್ಮ ಸಂತೆಗೆ ಬರುವ 'ಊಟಿ ಗಜ್ಜರಿ' ಆ ತಂಪಿನ ಕೂಸು. ಗದಗಿನ ಚಳಿ ಅಷ್ಟು ದೂರ ಹೋಗುವುದಿಲ್ಲ. ಇಲ್ಲಿ ಆ ತಿಂಗಳುಗಳ ರಾತ್ರಿ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸಿಗೆ, ಕೆಲವು ರಾತ್ರಿ ಅದಕ್ಕೂ ಕೆಳಗೆ ಇಳಿಯುತ್ತದೆ. ಆಕಾಶ ಶುಭ್ರವಾಗಿದ್ದು ಗಾಳಿ ನಿಂತಿದ್ದರೆ ನೆಲ ಹಗಲಿನ ಬಿಸಿಯನ್ನು ಬೇಗ ಬಿಟ್ಟುಕೊಡುತ್ತದೆ, ಎಲೆಗಳು ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತವೆ, ಗಾಳಿಯ ಪಸೆ ಅವುಗಳ ಮೇಲೆ ಹನಿಯಾಗಿ ಕೂಡುತ್ತದೆ. ಹಿಮಕ್ಕೂ ಇಬ್ಬನಿಗೂ ದಾರಿ ಒಂದೇ; ಇಬ್ಬನಿ ನಡುದಾರಿಯಲ್ಲಿಯೇ ನಿಲ್ಲುತ್ತದೆ, ಅಷ್ಟೆ.

ಈಗ ನೆಲದ ಕಡೆಗೆ ಬರೋಣ. ಇಂದು ಗದಗ ಜಿಲ್ಲೆಯೆಂದು ಕರೆಯುವ ಪ್ರದೇಶ 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರೆಯಾಯಿತು. ಒಂದು ಸಾವಿರ ವರ್ಷ ಹಿಂದೆ ಹೋದರೆ ಇದೇ ನೆಲದಲ್ಲಿ ಬೆಳ್ವೊಲ ಮುನ್ನೂರು, ಪುಲಿಗೆರೆ ಮುನ್ನೂರು ಎಂಬ ಎರಡು ನಾಡುಗಳು ಅಕ್ಕಪಕ್ಕದಲ್ಲಿದ್ದವು. ಪುಲಿಗೆರೆ ಎಂದರೆ ಇಂದಿನ ಲಕ್ಷ್ಮೇಶ್ವರ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ಇರುವ ನಾಡನ್ನು ಗುರುತಿಸುವಾಗ ಕಿಸುವೊಳಲು, ಕೊಪಣ, ಒಂಕುಂದಗಳ ಜತೆಗೆ ಹೆಸರಿಸಿದ್ದು ಈ ಪುಲಿಗೆರೆಯನ್ನೇ. ಬೆಳ್ವೊಲ ಎಂಬ ಹೆಸರನ್ನು ಬಿಡಿಸಿ ನೋಡಿ: ಬೆಳೆಯುವ ಹೊಲ. ನಾಡಿಗೆ ರಾಜನ ಹೆಸರನ್ನೋ ದೇವರ ಹೆಸರನ್ನೋ ಇಡದೆ ಹೊಲದ ಹೆಸರನ್ನು ಇಟ್ಟವರು ಆ ಎರಿಮಣ್ಣಿನ ಬೆಲೆಯನ್ನು ಬಲ್ಲವರಾಗಿರಬೇಕು.

ಎರಿಮಣ್ಣಿನ ಗುಣವೆಂದರೆ ಅದು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಮುಂಗಾರಿ ಮಳೆಯಲ್ಲಿ ಈ ಹೊಲದೊಳಗೆ ಕಾಲಿಡುವುದೇ ಕಷ್ಟ. ಆದ್ದರಿಂದ ಹಲವು ಹೊಲಗಳನ್ನು ಆಗ ಖಾಲಿ ಬಿಟ್ಟು, ಹಿಂಗಾರಿಗೆ ಅಂದರೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಹೊತ್ತಿಗೆ ಕಡಲೆ, ಬಿಳಿಜೋಳ, ಕುಸುಬಿ, ಗೋಧಿ ಬಿತ್ತುತ್ತಾರೆ. ಆಮೇಲೆ ಮಳೆ ಬಂದರೂ ಸರಿ, ಬರದಿದ್ದರೂ ಸರಿ, ಬೆಳೆ ನೆಲದೊಳಗಿನ ಪಸೆಯ ಮೇಲೆ ಬದುಕುತ್ತದೆ. 'ಹಿಂಗಾರಿ ಬೆಳಿ ಇಬ್ಬನಿ ಕುಡದ ಬೆಳೀತದ' ಎನ್ನುವುದನ್ನು ನೀವೂ ಕೇಳಿರಬಹುದು. ಲೆಕ್ಕ ಹಾಕಿದರೆ ಇಬ್ಬನಿಯಿಂದ ಬರುವ ನೀರು ಬಹಳ ಸ್ವಲ್ಪ. ಬೆಳೆಯನ್ನು ಸಾಕುವುದು ಎರಿಯ ಹೊಟ್ಟೆಯೊಳಗಿನ ನೀರೇ. ಆದರೂ ಆ ಮಾತನ್ನು ಸುಳ್ಳೆಂದು ತಳ್ಳಿಬಿಡುವ ಹಾಗಿಲ್ಲ. ಶಿರಹಟ್ಟಿ, ಮುಂಡರಗಿಯ ಕಡೆ ಕಪ್ಪತಗುಡ್ಡದ ಸುತ್ತ ಮಸಾರಿ ನೆಲ ಹೆಚ್ಚು. ಅಲ್ಲಿ ಮುಂಗಾರಿಯ ಲೆಕ್ಕವೇ ಮುಖ್ಯ. ಸ್ವಾತಂತ್ರ್ಯಕ್ಕೆ ಮೊದಲು ಲಕ್ಷ್ಮೇಶ್ವರ ಮಿರಜ ಸಂಸ್ಥಾನದ ಕೈಯಲ್ಲಿ, ಶಿರಹಟ್ಟಿ ಸಾಂಗಲಿ ಸಂಸ್ಥಾನದ ಕೈಯಲ್ಲಿ, ಗದಗ ಮತ್ತು ಮುಂಡರಗಿ ಮುಂಬಯಿ ಸರಕಾರದ ಧಾರವಾಡ ಜಿಲ್ಲೆಯಲ್ಲಿ ಇದ್ದವು. ಕಂದಾಯ ಕಟ್ಟುವ ಕಚೇರಿ ಬೇರೆ ಬೇರೆಯಾದರೂ ಎಳ್ಳ ಅಮಾವಾಸ್ಯೆಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುವ ರೂಢಿ ಮಾತ್ರ ಒಂದೇ ಆಗಿತ್ತು.

ಈ ಬೆಳೆಗಳಲ್ಲಿ ನಮ್ಮ ಇಂದಿನ ಮಾತಿಗೆ ನಾಯಕ ಕಡಲೆ. ಹುಟ್ಟಿನಿಂದ ಅದು ನಮ್ಮ ನೆಲದ್ದಲ್ಲ. ಹುರುಳಿ, ಹೆಸರು ಇವು ದಕ್ಷಿಣದ ನವಶಿಲಾಯುಗದ ಜನ ಬೆಳೆದ ಕಾಳುಗಳೆಂದು ತುಂಗಭದ್ರೆಯ ದಂಡೆಯ ಹಳ್ಳೂರು, ಬಳ್ಳಾರಿ ಬಳಿಯ ಸಂಗನಕಲ್ಲುಗಳ ಉತ್ಖನನದಲ್ಲಿ ಸಿಕ್ಕ ಸುಟ್ಟ ಕಾಳುಗಳಿಂದ ತಿಳಿದಿದೆ. ಕಡಲೆಯ ತವರು ಇಂದಿನ ತುರ್ಕಿಯ ಆಗ್ನೇಯ ಭಾಗ. ಅಲ್ಲಿಂದ ಸಿಂಧೂ ಬಯಲಿಗೆ, ಬಹುಕಾಲದ ಮೇಲೆ ಇತ್ತ ದಖ್ಖಣಕ್ಕೆ ಅದು ಬಂದಿತು. ಚಳಿಗಾಲದ ಬೆಳೆಯಾಗಿಯೇ ಬಂದಿತು, ಇಂದಿಗೂ ಹಾಗೆಯೇ ಉಳಿದಿದೆ.

ಕಡಲೆ ಹೊಲದಲ್ಲಿ ಬೆಳಗಿನ ಜಾವ ನಡೆದಾಡಿದವರಿಗೆ ಒಂದು ಸಂಗತಿ ಗೊತ್ತು. ಕಾಲಿಗೆ ತಾಗಿದ ಹನಿಯನ್ನು ನಾಲಿಗೆಗೆ ಇಟ್ಟರೆ ಹುಳಿ, ಕಾಲಿನಲ್ಲಿ ಗೀರಿದ ಗಾಯವಿದ್ದರೆ ಚುರುಕು. ದಿನವೂ ಅದರೊಳಗೆ ತಿರುಗಾಡಿದರೆ ಮೆಟ್ಟಿನ ಚರ್ಮವೂ ಕೆಡುತ್ತದೆ. ಕಡಲೆ ಗಿಡದ ಎಲೆ, ಕಾಂಡ, ಕಾಯಿಗಳ ಮೇಲೆಲ್ಲ ಬರಿಗಣ್ಣಿಗೆ ಕಾಣುವಂಥ ಸಣ್ಣ ರೋಮಗಳಿವೆ. ಅವುಗಳ ತುದಿಯ ಗ್ರಂಥಿಗಳಿಂದ ಹುಳಿಯ ರಸ ಜಿನುಗುತ್ತದೆ. ರಾತ್ರಿ ಇಬ್ಬನಿ ಬಿದ್ದಾಗ ಆ ರಸ ಅದರಲ್ಲಿ ಕರಗುತ್ತದೆ. ಹೀಗೆ ಇಬ್ಬನಿಯೇ ಹುಳಿಯಾಗುತ್ತದೆ.

ಈ ಹುಳಿಯನ್ನು ನಮ್ಮ ಹಿರಿಯರು ಬಟ್ಟೆಯಿಂದ ಕೊಯ್ಲು ಮಾಡುತ್ತಿದ್ದರು. 'ಕೊಯ್ಲು' ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಕಡಲೆ ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ, ಚೆನ್ನಾಗಿ ತೊಳೆದು ಒಣಗಿಸಿದ ಬಿಳಿಯ ತೆಳು ಅರಿವೆಯನ್ನು, ಹೆಚ್ಚಾಗಿ ಹಳೆಯ ಧೋತರವನ್ನು, ಹೊತ್ತು ಮುಳುಗಿದ ಮೇಲೆ ಬೆಳೆಯ ಮೇಲೆ ಹಾಸುತ್ತಿದ್ದರು. ರಾತ್ರಿಯೆಲ್ಲ ಅದು ಇಬ್ಬನಿಯಲ್ಲಿ ನೆನೆಯುತ್ತದೆ. ಸೂರ್ಯ ಹುಟ್ಟುವ ಮೊದಲು ಹೋಗಿ ಅದನ್ನು ಮಡಚಿ ಪಾತ್ರೆಯೊಳಗೆ ಹಿಂಡಬೇಕು. ಬಿಸಿಲು ಬಿದ್ದರೆ ಬಟ್ಟೆಯೊಂದೇ ಉಳಿಯುತ್ತದೆ. ಬಟ್ಟೆಯನ್ನು ಕೋಲಿಗೆ ಕಟ್ಟಿ, ನಸುಕಿನಲ್ಲಿ ಗಿಡಗಳ ಮೇಲೆ ಒರೆಸುತ್ತ ಹೋಗುವ ಇನ್ನೊಂದು ವಿಧಾನವೂ ಇತ್ತು. ಹಿಂಡಿದ ರಸವನ್ನು ಮಣ್ಣಿನ ಇಲ್ಲವೆ ಗಾಜಿನ ಪಾತ್ರೆಯಲ್ಲಿಯೇ ಇಡಬೇಕು. ತಾಮ್ರ, ಹಿತ್ತಾಳೆಗೆ ಹುಳಿ ಹತ್ತುತ್ತದೆ. ಒಂದು ರಾತ್ರಿಗೆ ಸಿಗುವುದು ಸ್ವಲ್ಪವೇ. ಹಲವು ರಾತ್ರಿ ಅದೇ ಕೆಲಸ ಮಾಡಿದರೆ ಮನೆಗೆ ವರ್ಷಕ್ಕೆ ಬೇಕಾದಷ್ಟು ಕೂಡುತ್ತದೆ. ಹೊಟ್ಟೆನೋವು, ಅಜೀರ್ಣಕ್ಕೆ ಕೆಲವೇ ಹನಿಗಳನ್ನು ನೀರಿನಲ್ಲಿ ಬೆರೆಸಿ ಕೊಡುವುದು ಅದರ ಮುಖ್ಯ ಉಪಯೋಗವಾಗಿತ್ತು.

ಇದು ಗದಗ ಸೀಮೆಯ ಗುಟ್ಟೇನೂ ಅಲ್ಲ. ದಖ್ಖಣದ ಕಡಲೆ ಬೆಳೆಯುವ ಊರುಗಳಲ್ಲಿ ಈ ರೂಢಿ ಇತ್ತು. ಸಂಸ್ಕೃತದ ವೈದ್ಯ ಹಾಗೂ ರಸಶಾಸ್ತ್ರ ಗ್ರಂಥಗಳು ಹುಳಿ ಪದಾರ್ಥಗಳನ್ನು ಎಣಿಸುವಾಗ 'ಚಣಕಾಮ್ಲ' ಎಂದು ಇದಕ್ಕೊಂದು ಹೆಸರನ್ನೇ ಕೊಟ್ಟಿವೆ. 1889ರಿಂದ 1893ರವರೆಗೆ ಸಂಪುಟಗಳಾಗಿ ಹೊರಬಂದ, ಭಾರತದ ಆರ್ಥಿಕ ಉತ್ಪನ್ನಗಳ ಜಾರ್ಜ್ ವಾಟ್ ಅವರ ನಿಘಂಟಿನಲ್ಲಿ ಕಡಲೆಯ ಈ ಹುಳಿಯ ಪ್ರಸ್ತಾಪವಿದೆ. ಬ್ರಿಟಿಷ್ ಬರಹಗಾರರು ಇದನ್ನು ಕಡಲೆಯ ವಿನಿಗರ್ ಎಂದು ಕರೆದರು. ವಿನಿಗರ್ ಹುದುಗಿನಿಂದ ಆಗುವಂಥದು, ಇದರಲ್ಲಿ ಹುದುಗು ಇಲ್ಲವೇ ಇಲ್ಲ. ರಸಾಯನಶಾಸ್ತ್ರಜ್ಞರು ಮುಂದೆ ಕಂಡುಕೊಂಡಂತೆ ಇದರಲ್ಲಿ ಮುಖ್ಯವಾಗಿರುವುದು ಮ್ಯಾಲಿಕ್ ಆಮ್ಲ ಮತ್ತು ಆಕ್ಸಾಲಿಕ್ ಆಮ್ಲ. ಮೊದಲನೆಯದು ಸೇಬಿನ ಹುಳಿ. ಎರಡನೆಯದು ಹೆಚ್ಚಾದರೆ ಮೂತ್ರಪಿಂಡದ ಹರಳಿಗೆ ದಾರಿ. ಹಿರಿಯರು ಹನಿಗಳ ಲೆಕ್ಕದಲ್ಲಿ ಕೊಡುತ್ತಿದ್ದುದು ಸರಿಯಾಗಿಯೇ ಇತ್ತು. ಲೋಟದ ಲೆಕ್ಕದಲ್ಲಿ ಕುಡಿಯುವ ಪದಾರ್ಥ ಇದಲ್ಲ.

ಗಿಡ ಇದನ್ನು ನಮಗಾಗಿ ಮಾಡುವುದಿಲ್ಲವಷ್ಟೆ. ಕಡಲೆಯ ದೊಡ್ಡ ವೈರಿ ಕಾಯಿಕೊರಕ ಹುಳು. ಆಕ್ಸಾಲಿಕ್ ಆಮ್ಲವಿರುವ ಎಲೆಯನ್ನು ತಿಂದ ಮರಿಹುಳುಗಳ ಬೆಳವಣಿಗೆ ಕುಂಠಿತವಾಗುತ್ತದೆಂದು ಸಂಶೋಧನೆಗಳು ತೋರಿಸಿವೆ. ಅಂದರೆ ನಮ್ಮ ಅಜ್ಜಂದಿರು ಸೀಸೆಯಲ್ಲಿ ತುಂಬಿಡುತ್ತಿದ್ದುದು ಗಿಡದ ಸ್ವಂತ ಔಷಧಿಯನ್ನೇ. ಮಳೆ ಬಿದ್ದರೆ ಈ ರಸ ತೊಳೆದು ಹೋಗುತ್ತದೆ. ಮಳೆಯಿಲ್ಲದ, ಮೋಡವಿಲ್ಲದ, ಇಬ್ಬನಿ ಬೀಳುವ ಚಳಿಗಾಲ ಬೇಕೇಬೇಕು ಎನ್ನುವುದು ಇದಕ್ಕಾಗಿಯೇ.

ಇನ್ನು ಪಲ್ಯಕ್ಕೆ ಬರೋಣ. ಕಡ್ಲಿಪಲ್ಯ ಗೊತ್ತಿಲ್ಲದ ಮನೆ ಈ ನಾಲ್ಕು ಊರುಗಳಲ್ಲಿ ಇರಲಾರದು. ಬಿತ್ತಿದ ತಿಂಗಳೊಪ್ಪತ್ತಿಗೆ ಗಿಡದ ಕುಡಿ ಚಿವುಟುತ್ತಾರೆ. ಚಿವುಟಿದ ಗಿಡ ಪಕ್ಕಕ್ಕೆ ಟಿಸಿಲೊಡೆದು ಹೆಚ್ಚು ಕಾಯಿ ಬಿಡುತ್ತದೆ, ಮನೆಗೆ ಪಲ್ಯವೂ ಆಗುತ್ತದೆ. ಹೊಲದೊಡೆಯ ಇದನ್ನು ಬೆಳೆಯ ಲೆಕ್ಕಕ್ಕೆ ಹಿಡಿದರೆ, ಹೆಣ್ಣುಮಕ್ಕಳು ಉಡಿಯ ಲೆಕ್ಕಕ್ಕೆ ಹಿಡಿದರು. ಕೃಷಿ ವಿಶ್ವವಿದ್ಯಾಲಯಗಳು ಕುಡಿ ಚಿವುಟುವುದನ್ನು ಶಿಫಾರಸು ಮಾಡುವುದಕ್ಕೆ ಎಷ್ಟೋ ಮೊದಲೇ ಉಡಿ ತುಂಬುತ್ತಿತ್ತು. ಈ ಪಲ್ಯವನ್ನು ತೊಳೆಯಬಾರದು ಎಂದು ಹಳೆಯ ಅಡುಗೆಯವರು ಹೇಳುತ್ತಿದ್ದುದನ್ನು ನೆನಪಿಸಿಕೊಳ್ಳಿ. ತೊಳೆದರೆ ಹುಳಿ ಹೋಗುತ್ತದೆ, ಹುಳಿ ಹೋದರೆ ಉಳಿಯುವುದು ಸಪ್ಪೆ ಸೊಪ್ಪು.

ಬೇಗ ಚಿವುಟಿದ ಕುಡಿ ಮೃದು, ಹುಳಿ ಕಡಿಮೆ. ತಡವಾಗಿ, ಹೂವಿನ ಹೊತ್ತಿಗೆ ಕಿತ್ತದ್ದು ಬಿರುಸು, ಹುಳಿ ಖಾರವೆನಿಸುವಷ್ಟು ಹೆಚ್ಚು. ಎಳೆಯದನ್ನು ಹಸಿಯಾಗಿಯೇ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಜತೆ ತಿನ್ನುತ್ತಾರೆ. ಬಲಿತದ್ದನ್ನು ನೆರಳಲ್ಲಿ ಒಣಗಿಸಿ ಗಡಿಗೆಯಲ್ಲಿಟ್ಟು, ಬೇಸಿಗೆಯಲ್ಲಿ ಸೊಪ್ಪೆಲ್ಲ ಮಾಯವಾದಾಗ ಬೇಳೆಯೊಡನೆ ಬೇಯಿಸುತ್ತಾರೆ. ಏಪ್ರಿಲ್ ತಿಂಗಳಲ್ಲಿ ಆ ಗಡಿಗೆ ತೆರೆದರೆ ಬರುವ ವಾಸನೆ ಡಿಸೆಂಬರಿನದು. ಬಾವಿಯ ನೀರೂ ತಳ ಹಿಡಿಯುವ ಈ ಸೀಮೆಯಲ್ಲಿ ಆ ಗಡಿಗೆ ಬರಿಯ ರುಚಿಯ ಮಾತಾಗಿರಲಿಲ್ಲ.

ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಕಾಯಿ ತುಂಬುತ್ತದೆ. ಆ ದಿನ ಹೊಲದಲ್ಲಿ ಪೂಜೆ, ಚರಗ ಚೆಲ್ಲುವುದು, ಊಟ. ಬುತ್ತಿಯಲ್ಲಿ ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಬದನಿಕಾಯಿ ಎಣ್ಣಿಗಾಯಿ, ಹೋಳಿಗೆ. ಊಟವಾದ ಮೇಲೆ ಸುಲಗಾಯಿ, ಅಂದರೆ ಕಾಯಿ ಸಮೇತ ಕಿತ್ತ ಹಸಿ ಕಡಲೆ ಗಿಡ. ತುಟಿಗೆ ಹುಳಿ, ಹಲ್ಲಿಗೆ ಸಿಹಿ. ಕೆಲವು ವಾರಗಳ ಮೇಲೆ ಜೋಳದ ಹಾಲುತೆನೆಯನ್ನು ಕೆಂಡದಲ್ಲಿ ಸುಟ್ಟು ಉಜ್ಜಿದ ಸೀತನಿ. ಸಿಹಿತೆನೆ ಎಂಬ ಮಾತೇ ಸವೆದು ಸೀತನಿಯಾಗಿದೆ. ಹಾಲುಗಾಳಿನ ಸಿಹಿ ಇರುವುದು ಕೆಲವೇ ದಿನ. ಸಕ್ಕರೆ ಪಿಷ್ಟವಾಗಿ ಗಟ್ಟಿಯಾದೊಡನೆ ಅದು ಬರಿಯ ಜೋಳ. ರಾತ್ರಿಯ ತಂಪು ಈ ಮಾರ್ಪಾಟನ್ನು ನಿಧಾನಗೊಳಿಸುತ್ತದೆ. ಹಾಗಾಗಿ ಸೀತನಿಯಲ್ಲಿ ತಡವೆಂಬುದು ಕೆಡುಕು, ಕಡ್ಲಿಪಲ್ಯದಲ್ಲಿ ತಡವೆಂಬುದು ಇನ್ನೊಂದು ರುಚಿ. ಚಳಿ ದೇಶದವರ 'ತಡವಾಗಿ ಕೀಳು' ಎಂಬ ಒಂದೇ ಸೂತ್ರ ಇಲ್ಲಿ ನಡೆಯುವುದಿಲ್ಲ.

ಭೋಗಿಯ ದಿನದ ಗಜ್ಜರಿಯನ್ನೂ ಇಲ್ಲಿ ನೆನೆಯಬೇಕು. ಸಂಕ್ರಾಂತಿಯ ಸಂತೆಗಳಿಗೆ ಹಿಂದೆ ಬರುತ್ತಿದ್ದ ಗಜ್ಜರಿ ಕಿತ್ತಳೆ ಬಣ್ಣದ್ದಲ್ಲ, ಕೆಂಪು ಇಲ್ಲವೆ ಕಪ್ಪುಗೆಂಪು. ಮಧ್ಯ ಏಷ್ಯದಿಂದ ಬಂದ ಹಳೆಯ ಜಾತಿ ಅದು. ಸಂಸ್ಕೃತದ ಗರ್ಜರ, ಪಾರಸಿಯ ಗಜರ್, ನಮ್ಮ ಗಜ್ಜರಿ ಎಲ್ಲ ಒಂದೇ ಬಳಗ. ಕಿತ್ತಳೆ ಬಣ್ಣದ್ದು ಯುರೋಪಿನಿಂದ ಬಂದಿತು. ಇವೆರಡರ ನಡುವೆ ರೈತನಿಗೆ ಮುಖ್ಯವಾದ ಒಂದು ವ್ಯತ್ಯಾಸವಿದೆ, ಬಣ್ಣದ ಮಾತಿನಲ್ಲಿ ಅದು ಮರೆತುಹೋಗುತ್ತದೆ. ಯುರೋಪಿನ ಗಜ್ಜರಿ ಹೂ ಬಿಟ್ಟು ಬೀಜವಾಗಬೇಕಾದರೆ ವಾರಗಟ್ಟಲೆ ಗಟ್ಟಿ ಚಳಿ ಬೇಕು. ಬಯಲುಸೀಮೆಯ ಚಳಿ ಅದಕ್ಕೆ ಸಾಲದು. ಏಷ್ಯದ ಹಳೆಯ ಜಾತಿಗೆ ಬಯಲಿನ ಚಳಿಯೇ ಸಾಕು. ಹೀಗಾಗಿ ಕೆಂಪು ಗಜ್ಜರಿ ಬೆಳೆದವನು ನಾಲ್ಕು ಗಿಡ ಕೀಳದೆ ಬಿಟ್ಟು ತನ್ನ ಬೀಜ ತಾನೇ ಮಾಡಿಕೊಳ್ಳಬಹುದಿತ್ತು. ಕಿತ್ತಳೆಯದನ್ನು ಬೆಳೆದವನು ಪ್ರತಿ ವರ್ಷ ಬೆಟ್ಟದ ಬೀಜಕ್ಕೆ ಕೈಯೊಡ್ಡಬೇಕು. ಎಲೆಕೋಸಿನದೂ ಬಹುಮಟ್ಟಿಗೆ ಇದೇ ಪಾಡು.

ದಕ್ಷಿಣ ಕರ್ನಾಟಕದ ಓದುಗರು ಇಷ್ಟು ಹೊತ್ತಿಗೆ 'ನಮ್ಮ ಸೊಗಡು ಅವರೆಯನ್ನು ಮರೆತಿರಾ?' ಎಂದು ಕೇಳುತ್ತಿರಬಹುದು. ಮರೆತಿಲ್ಲ. ಇಬ್ಬನಿ ಬಿದ್ದಷ್ಟೂ ಅವರೆಗೆ ಸೊಗಡು ಎಂಬ ಮಾತು ಮೈಸೂರು ಸೀಮೆಯಲ್ಲಿ ಮನೆಮಾತು. ಅವರೆಕಾಯಿಯ ಸಿಪ್ಪೆಯ ಮೇಲಿನ ಅಂಟಾದ ಜಿಡ್ಡೇ ಆ ವಾಸನೆಯ ಮೂಲ. ಅದರಲ್ಲಿ ಕೆಲವು ಕೊಬ್ಬಿನ ಆಮ್ಲಗಳಿವೆಯೆಂದು ಪತ್ತೆಯಾಗಿದೆ. ನಾಡ ಅವರೆ ಹಗಲು ಕಿರಿದಾದ ಮೇಲೆಯೇ ಹೂ ಬಿಡುವ ಗಿಡ. ಹಗಲು ಕಿರಿದಾಗುವುದೂ ಇಬ್ಬನಿ ಬೀಳುವುದೂ ಒಂದೇ ಕಾಲದಲ್ಲಾದ್ದರಿಂದ ಹೊಗಳಿಕೆಯೆಲ್ಲ ಇಬ್ಬನಿಗೆ ಹೋಯಿತು. ಹೆಬ್ಬಾಳದಲ್ಲಿ ಹಗಲಿನ ಹಂಗಿಲ್ಲದೆ ವರ್ಷವಿಡೀ ಕಾಯಿ ಬಿಡುವ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳು ಬಂದ ಮೇಲೂ ಜನ ಜನವರಿಯ ಅವರೆಗೇ ಕಾಯುತ್ತಾರೆ. ಕಡಲೆಯ ಹುಳಿಯಲ್ಲಾದರೆ ಇಬ್ಬನಿಯ ಪಾತ್ರ ಕೈಯಲ್ಲಿ ಹಿಂಡಿ ತೋರಿಸಬಹುದಾದಷ್ಟು ನೇರ.

ಕಳೆದ ಐವತ್ತು-ಅರವತ್ತು ವರ್ಷಗಳಲ್ಲಿ ಕಡಲೆಯ ಭೂಪಟವೇ ಬದಲಾಗಿದೆ. ಹಸಿರು ಕ್ರಾಂತಿಯ ಮೇಲೆ ಪಂಜಾಬ, ಹರಿಯಾಣಗಳ ಕಡಲೆ ಹೊಲಗಳು ನೀರಾವರಿಯ ಗೋಧಿಗೆ ಹೋದವು. ಬೇಗ ಬಲಿಯುವ ತಳಿಗಳ ಬೆನ್ನೇರಿ ಕಡಲೆ ಮಧ್ಯ ಭಾರತಕ್ಕೂ ದಕ್ಷಿಣಕ್ಕೂ ಇಳಿದು ಬಂದಿತು. ಉತ್ತರದಲ್ಲಿ ಅದಕ್ಕೆ ಹಿಮದ ಕಾಟ, ಹೂವು ಉದುರುತ್ತಿದ್ದವು. ನಮ್ಮಲ್ಲಿ ಚಳಿ ಬೇಗ ಮುಗಿದು ಬಿಸಿಲು ಏರುವುದೇ ಕಾಟ. ಪಕ್ಕದ ಅಣ್ಣಿಗೇರಿಯ ಹೆಸರು ಹೊತ್ತ ಅಣ್ಣಿಗೇರಿ-1 ದಶಕಗಳ ಕಾಲ ಈ ಎರಿಯನ್ನು ಆಳಿತು. ಆಮೇಲೆ ಜೆಜಿ-11 ಬಂದಿತು. ಈಗ ಯಂತ್ರದಿಂದ ಕೊಯ್ಯಲು ಅನುಕೂಲವಾಗುವಂತೆ ಎತ್ತರಕ್ಕೆ ನೆಟ್ಟಗೆ ಬೆಳೆಯುವ ತಳಿಗಳೂ ಬಂದಿವೆ. ಕೈಯಿಂದ ಕಡಲೆ ಕೀಳುವುದು ನಸುಕಿನ ಕೆಲಸ: ಇಬ್ಬನಿಯ ಪಸೆ ಇರುವಾಗ ಕಿತ್ತರೆ ಕಾಯಿ ಉದುರುವುದಿಲ್ಲ, ಆದರೆ ಆ ಹುಳಿಯಲ್ಲಿಯೇ ಹೆಣ್ಣುಮಕ್ಕಳ ಬೆರಳು ಬಿರಿಯುತ್ತವೆ. ಹುಳಿಯ ಕಥೆ ಹೇಳುವಾಗ ಆ ಬೆರಳುಗಳನ್ನು ಬಿಟ್ಟು ಹೇಳಬಾರದು. ಯಂತ್ರ ಬಂದದ್ದಕ್ಕೆ ಅವರೇನೂ ಅಳಲಿಲ್ಲ.

ಹೊಡೆತ ಬಿದ್ದದ್ದು ಬೇರೆ ಕಡೆಯಿಂದ. ಕಡಲೆಯ ವಿಸ್ತಾರ ಹೆಚ್ಚಿದಂತೆ ಕಾಯಿಕೊರಕವೂ ಹೆಚ್ಚಿತು, ಅದರ ಬೆನ್ನಿಗೆ ಸಿಂಪರಣೆಯೂ ಬಂದಿತು. ಔಷಧಿ ಹೊಡೆಯುವ ಕಾಲವೂ ಹೂವು-ಕಾಯಿಯ ಕಾಲವೇ, ಬಟ್ಟೆ ಹಾಸುವ ಕಾಲವೂ ಅದೇ. ಸಿಂಪಡಿಸಿದ ಗಿಡದ ಮೇಲೆ ಹಾಸಿದ ಅರಿವೆಯಿಂದ ಹಿಂಡಿದ್ದನ್ನು ಯಾರು ಮಗುವಿನ ಬಾಯಿಗೆ ಹಾಕುತ್ತಾರೆ? ಬಟ್ಟೆ ಹಾಸುವ ರೂಢಿಯನ್ನು ಯಾರೂ ನಿಲ್ಲಿಸಬೇಕೆಂದು ನಿಲ್ಲಿಸಲಿಲ್ಲ, ಹೊಲವೇ ಅದಕ್ಕೆ ಆಗದಂತಾಯಿತು. ತೊಳೆಯಬಾರದ ಪಲ್ಯವನ್ನು ಈಗ ಮೂರು ನೀರಿನಲ್ಲಿ ತೊಳೆಯುತ್ತೇವೆ, ತೊಳೆಯಲೇಬೇಕು ಕೂಡ. ಆಮೇಲೆ 'ಮೊದಲಿನ ಹುಳಿ ಈಗಿಲ್ಲ' ಎಂದು ತಳಿಯನ್ನು ಬಯ್ಯುತ್ತೇವೆ.

ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆಯ ಹೆಬ್ಬಾತುಗಳು ಮಂಗೋಲಿಯ, ಟಿಬೆಟಿನ ಕಡೆಯಿಂದ ಹಿಮಾಲಯ ದಾಟಿ ಬರುತ್ತವೆ. 2024ರಲ್ಲಿ ಈ ಕೆರೆ ರಾಮ್ಸರ್ ತಾಣಗಳ ಪಟ್ಟಿಗೆ ಸೇರಿತು. ಹಗಲು ಕೆರೆಯಲ್ಲಿ ಕುಳಿತಿದ್ದು, ಹೊತ್ತು ಮುಳುಗಿದ ಮೇಲೆ ಸುತ್ತಲಿನ ಹೊಲಗಳಿಗೆ ಮೇಯಲು ಹಾರುತ್ತವೆ. ಅವುಗಳ ಮೇವಿನಲ್ಲಿ ಕಡಲೆಯೂ ಒಂದು. ಹಿಂದೆ ಬಟ್ಟೆ ಹಾಸುತ್ತಿದ್ದ ಹೊತ್ತಿಗೆ ಸರಿಯಾಗಿ ಅವು ಹೊಲಕ್ಕೆ ಇಳಿಯುತ್ತವೆ. ನಿಜವಾದ ಹಿಮದ ನಾಡಿನಿಂದ ಬಂದ ಆ ಅತಿಥಿಗಳು ಎಲೆಯನ್ನು ತೊಳೆದು ತಿನ್ನುವುದಿಲ್ಲ. ಸಿಂಪರಣೆಯ ಮಾತು ಬರಿಯ ನಮ್ಮ ಅಡುಗೆಮನೆಯದಲ್ಲ ಎನ್ನುವುದಕ್ಕೆ ಇಷ್ಟು ಹೇಳಿದೆ.

ಈ ಹಿಂಗಾರಿಗೆ ನಿಮ್ಮದೇ ಹೊಲವಿದ್ದರೆ, ಬದುವಿನ ಪಕ್ಕ ನಾಲ್ಕು ಸಾಲನ್ನು, ಗಾಳಿ ಬೀಸಿ ಬರುವ ದಿಕ್ಕಿನಲ್ಲಿ, ಔಷಧಿ ಹೊಡೆಯದೆ ಬಿಟ್ಟು ನೋಡಿ. ಒಂದಷ್ಟು ಕಾಯಿ ಹುಳುವಿಗೆ ಹೋಗುತ್ತದೆ, ಹೋಗಲಿ. ಅಮಾವಾಸ್ಯೆಯ ಆಸುಪಾಸಿನ ಮೋಡವಿಲ್ಲದ ರಾತ್ರಿ ಆ ಸಾಲಿನ ಮೇಲೆ ಒಂದು ಹಳೆಯ ಧೋತರ ಹಾಸಿ. ಸಾಬೂನಿನ ವಾಸನೆ ಉಳಿಯದಂತೆ ಮೊದಲು ಬರಿಯ ನೀರಿನಲ್ಲಿ ಎರಡು ಸಲ ಜಾಲಿಸಿರಬೇಕು. ಬೆಳಗ್ಗೆ ಬೆಳಕು ಹರಿಯುವ ಮೊದಲೇ ಎದ್ದು ಹೋಗಿ, ಗಾಜಿನ ಲೋಟವನ್ನು ಮರೆಯದೆ ಜತೆಗೆ ಒಯ್ಯಿರಿ.